ಡಿಸ್ಕಿನ ಬೆನ್ನು ಅಳೆಯದೆ ದೊಡ್ಡ ಟಯರ್ ಹಾಕಬೇಡಿ

ನಮಸ್ಕಾರ ಎಲ್ಲರಿಗೂ. ಇವತ್ತು ಲೀಫ್ ಪ್ಲೇಟಿಗೆ ಗ್ರೀಸ್ ಹಾಕುವುದು ತೋರಿಸ್ತೇನೆ ಅಂತ ಹೇಳಿದ್ದೆ. ಅದು ಮುಂದಿನ ವಾರಕ್ಕೆ ಹೋಯ್ತು. ಯಾಕೆಂದರೆ ಹೋದ ವಿಡಿಯೊದ ಕೆಳಗೆ ಒಬ್ಬರು ಬರೆದಿದ್ದಾರೆ: "ಅಣ್ಣಾ, ಟಯರ್ ಮಡ್‌ಗಾರ್ಡಿಂದ ನಾಲ್ಕು ಬೆರಳು ಹೊರಗೆ ನಿಂತರೇ ಗಾಡಿಗೆ ಗತ್ತು. ನಿಮ್ಮ ಬ್ಯಾಕ್‌ಸ್ಪೇಸಿಂಗ್ ಎಲ್ಲ ಪುಸ್ತಕದ ಬದನೆಕಾಯಿ." ಅದಕ್ಕೆ ನಲವತ್ತು ಲೈಕ್ ಬೇರೆ! ಬ್ಯಾಕ್‌ಸ್ಪೇಸಿಂಗ್ ಅಂದರೆ ಡಿಸ್ಕಿನ, ಅಂದರೆ ಟಯರ್ ಕೂರುವ ಲೋಹದ ಚಕ್ರದ, ಹಿಂಬದಿಯ ಆಳ.

ಮಾರಾಯ್ರೇ, ಇದನ್ನು ಓದಿ ನನಗೆ ನಿದ್ದೆ ಬರಲಿಲ್ಲ. ಅದೂ ಎಂತ ಹೊತ್ತಿಗೆ? ಹೋದ ಆದಿತ್ಯವಾರ ಇಲ್ಲೇ ಕಾಸರಗೋಡಿನ ಬದಿಯಡ್ಕದ ಕಡೆಯ ಒಬ್ಬ ಹುಡುಗ ಹೊಸ ಡಿಸ್ಕ್ ಹಾಕಿದ ಮಾರುತಿ ಜಿಮ್ನಿ ತಕ್ಕೊಂಡು ನಮ್ಮ ಅಂಗಳಕ್ಕೆ ಬಂದಿದ್ದ. ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡು ಹೋಗ್ತದೆ ಅಂತ ದೂರು. ಕೆಸರು ಕನ್ನಡಿವರೆಗೆ ಹಾರಿತ್ತು.

ಡಿಸ್ಕ್ ಬಿಚ್ಚಿ, ಮುಖ ಕೆಳಗೆ ಮಾಡಿ ಅಂಗಳದಲ್ಲಿ ಮಲಗಿಸಿದೆ. ಹಿಂದಿನ ಅಂಚಿನ ಮೇಲೆ ಅಡ್ಡಕ್ಕೆ ಒಂದು ನೇರ ರೀಪು ಇಟ್ಟೆ. ರೀಪಿನಿಂದ ಕೆಳಗೆ, ಹಬ್ಬಿಗೆ (ಆಕ್ಸಲಿನ ತುದಿಯಲ್ಲಿ ಚಕ್ರ ಬೋಲ್ಟ್ ಆಗುವ ಭಾಗಕ್ಕೆ) ಕೂರುವ ಜಾಗದವರೆಗೆ ಟೇಪ್ ಇಳಿಸಿದೆ. ಮೂರೂವರೆ ಇಂಚು. ಇದೇ ಬ್ಯಾಕ್‌ಸ್ಪೇಸಿಂಗ್. ನಾನು ಡಿಸ್ಕಿನ ಬೆನ್ನು ಅಂತ ಹೇಳುವುದು ಇದಕ್ಕೆ. ಆಮೇಲೆ ಅವನ ಕಂಪೆನಿ ಡಿಸ್ಕ್ ಅಳೆದೆ. ಅದೂ ಹೆಚ್ಚುಕಡಿಮೆ ಮೂರೂವರೆ! ಹುಡುಗನ ಮುಖ ಅರಳಿತು. "ನೋಡಿ ಅಣ್ಣಾ, ಎರಡೂ ಒಂದೇ ಅಲ್ವಾ?"

ಒಂದೇ ಅಲ್ಲ ತಮ್ಮಾ! ಎಲ್ಲರೂ ಬೀಳುವ ಗುಂಡಿ ಇದೇ. ಕಂಪೆನಿ ಡಿಸ್ಕಿನ ಅಗಲ ಐದೂವರೆ ಇಂಚು. ನೀನು ಹಾಕಿದ್ದು ಎಂಟು ಇಂಚಿನದ್ದು, ಆಫ್‌ಸೆಟ್ ಮೈನಸ್ 25, ಅಂದರೆ ಹಬ್ಬಿಗೆ ಕೂರುವ ಜಾಗ ಡಿಸ್ಕಿನ ನಡುವಿಂದ 25 ಮಿಲಿಮೀಟರ್ ಒಳಗೆ. ಡಿಸ್ಕಿಗೆ ಬರೆಯುವ ಅಗಲ ಟಯರ್ ಕೂರುವ ಜಾಗದ್ದು ಮಾತ್ರ. ಎರಡೂ ಬದಿಯ ಅಂಚು ಸೇರಿಸಿದರೆ ಸುಮಾರು ಒಂದು ಇಂಚು ಜಾಸ್ತಿ. ಹಾಗಾದರೆ ಆರೂವರೆಯಲ್ಲಿ ಮೂರೂವರೆ ಹಿಂದೆ, ಮೂರು ಮುಂದೆ. ಒಂಬತ್ತರಲ್ಲಿ ಮೂರೂವರೆ ಹಿಂದೆ, ಐದೂವರೆ ಮುಂದೆ. ಏರಿದ ಎರಡೂವರೆ ಇಂಚೂ ಒಂದು ಕೂದಲೆಳೆ ಒಳಗೆ ಹೋಗಲಿಲ್ಲ, ಪೂರ್ತಿ ಹೊರಗೆ ಬಂತು.

ಅದಕ್ಕೇ ನಾನು ಹೇಳುವುದು, ಅಗಲ ಏರಿದರೆ ಬೆನ್ನೂ ಏರಬೇಕು. ಒಂದು ಇಂಚು ಅಗಲಕ್ಕೆ ಅರ್ಧ ಇಂಚು ಬೆನ್ನು ಕೊಟ್ಟರೆ ಟಯರಿನ ನಡು ಮೊದಲಿದ್ದಲ್ಲೇ ನಿಲ್ತದೆ.

ನಡು ಹೊರಗೆ ಹೋದರೆ ಎಂತ ಆಗ್ತದೆ ಅಂತ ಕೇಳ್ತೀರಾ? ಮನೆಯ ಬಾಗಿಲನ್ನು ಬಿಜಾಗರಿ ಹತ್ತಿರ ದೂಡಿ ನೋಡಿ, ಮತ್ತೆ ತುದಿಯಲ್ಲಿ ದೂಡಿ ನೋಡಿ. ತುದಿಯಲ್ಲಿ ಮಗು ದೂಡಿದರೂ ತಿರುಗ್ತದೆ. ಮುಂದಿನ ಚಕ್ರ ಕಿಂಗ್‌ಪಿನ್ನಿನ ಮೇಲೆ ತಿರುಗುವುದೂ ಹಾಗೇ, ಕಿಂಗ್‌ಪಿನ್ನೇ ಅದರ ಬಿಜಾಗರಿ. ಟಯರ್ ಅದರಿಂದ ದೂರ ಹೋದಷ್ಟೂ ದಾರಿಯ ಒಂದೊಂದು ಕಲ್ಲೂ ನಿಮ್ಮ ಸ್ಟೇರಿಂಗ್ ತಿರುಗಿಸ್ತದೆ, ನೀವಲ್ಲ. ಅದೇ ಎಳೆತ ಬೇರಿಂಗಿನ ಮೇಲೂ ಬೀಳ್ತದೆ.

ನನಗೆ ಇದು ಅನುಭವಿಸಿಯೇ ಗೊತ್ತಾದದ್ದು. ಹಳೇ ಜೀಪಿಗೆ ಪೇಟೆಯ ಒಂದು ಅಂಗಡಿಯಲ್ಲಿ "ಕೂರ್ತದೆ ಅಣ್ಣಾ" ಅಂತ ಹೇಳಿ ಅಗಲದ ಡಿಸ್ಕ್ ಹಾಕಿಕೊಟ್ಟರು. ಯಾರೂ ಬೆನ್ನು ಅಳೆಯಲಿಲ್ಲ. ಆ ಮಳೆಗಾಲದಲ್ಲಿ ಅಡಿಕೆ ಗೋಣಿ ಹೇರಿಕೊಂಡು ಪೆರ್ಲದ ಏರು ಹತ್ತುವಾಗ ಎಡಗಡೆಯಿಂದ ಗುಂಯ್ ಅಂತ ಸದ್ದು. ಇಳಿದು ನೋಡ್ತೇನೆ, ಹಬ್ಬಿನ ಮೇಲೆ ಬಿದ್ದ ಮಳೆಹನಿ ಚುಂಯ್ ಅಂತ ಆರ್ತಾ ಉಂಟು. ಗ್ರೀಸ್ ಸುಟ್ಟ ವಾಸನೆ. ಇನ್ನು ಎರಡು ಕಿಲೋಮೀಟರ್ ಹೋಗಿದ್ದರೆ ಚಕ್ರ ಎಲ್ಲಿ, ನಾನು ಎಲ್ಲಿ? ಈ ಮಕ್ಕಳಿಗೆ ಹಾಗೆ ಆಗಬಾರದು ಅಂತಲೇ ನಾನು ಇಷ್ಟು ಬೊಬ್ಬೆ ಹೊಡೆಯುವುದು.

ಈಗ ಅಗಲದ ವಿಷಯ. ಹುಡುಗ ಹಾಕಿದ ಟಯರ್ 235/75 ಆರ್ 15. ಅದಕ್ಕೆ ಆರರಿಂದ ಎಂಟು ಇಂಚಿನ ಡಿಸ್ಕ್ ಆಗ್ತದೆ. ಕಂಪೆನಿಯ ಐದೂವರೆಗೆ ಅದನ್ನು ತುರುಕಬಾರದು, ನಡು ಉಬ್ಬಿ ಅಷ್ಟೇ ಸವೆಯುತ್ತದೆ. ಹಾಗಂತ ಎಂಟಕ್ಕೆ ಯಾಕೆ ಹಾರಬೇಕು? ಎಂಟಿಂಚಿನ ಡಿಸ್ಕಿನ ಮೇಲೆ ಟಯರಿನ ಪಕ್ಕೆ ಎಳೆದುಕೊಂಡು ನಿಲ್ತದೆ, ಡಿಸ್ಕಿನ ಅಂಚು ಬೆತ್ತಲೆ ಆಗ್ತದೆ. ಕೆಸರಿಗೆ ಇಳಿಯುವಾಗ ಗಾಳಿ ಹದಿನೆಂಟು ಪಿಎಸ್‌ಐಗೆ ಇಳಿಸ್ತೀರಲ್ಲ, ಆಗ ಬೀಡ್ (ಡಿಸ್ಕನ್ನು ಹಿಡಿಯುವ ಟಯರಿನ ಒಳ ಅಂಚು) ಕಳಚಿಕೊಳ್ಳುವುದು ಇಂಥ ಡಿಸ್ಕಲ್ಲೇ ಬೇಗ. ನಮ್ಮ ತೋಟದ ದಾರಿ ಹೇಗಿದೆ? ಎರಡೂ ಬದಿ ಮುರಕಲ್ಲು ಕಡಿದ ಓಣಿ. ಕಡಿದ ಮುರಕಲ್ಲು ಮಳೆಗೆ ತೊಳೆದು ಗರಗಸದ ಹಾಗೆ ಆಗಿರ್ತದೆ. ಹೊರಗೆ ಚಾಚಿದ ಪಕ್ಕೆಯನ್ನು ಅದು ಬಿಡ್ತದಾ? ಏಳು ಇಂಚು ತಕ್ಕೊಳ್ಳಿ, ಬೆನ್ನು ನಾಲ್ಕು ಇಂಚಿನ ಆಸುಪಾಸು. ಹಾಕಿದ ಮೇಲೆ ಸ್ಟೇರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಒಳಗೆ ಆಕ್ಸಲ್ ಹಿಡಿದ ಉದ್ದದ ಕಬ್ಬಿಣದ ತೋಳಿಗೂ ಟಯರಿಗೂ ನಡುವೆ ಬೆರಳು ತೂರ್ತದಾ ನೋಡಿ. ತಾಗಿದರೆ ಸ್ವಲ್ಪ ಬೆನ್ನು ಕಡಿಮೆ ಮಾಡಿ. ಸ್ವಲ್ಪ! ಎರಡೂವರೆ ಇಂಚಲ್ಲ! ಇಷ್ಟೆಲ್ಲ ತಲೆಬಿಸಿ ಬೇಡ ಅಂತಾದರೆ 215/75 ಆರ್ 15 ಹಾಕಿ, ಕಂಪೆನಿ ಡಿಸ್ಕಿನ ಮೇಲೇ ಕೂರ್ತದೆ.

ಇಂಥ ಅಳತೆಯ ವಿಡಿಯೊ ಕನ್ನಡದಲ್ಲಿ ಬೇಕು ಅಂತ ಅನಿಸಿದರೆ ಸಬ್‌ಸ್ಕ್ರೈಬ್ ಮಾಡಿ. ನಾವು ಗಡಿಯಲ್ಲಿ ಕೂತು ಮಲಯಾಳ, ತುಳು, ಕನ್ನಡ ಮೂರರಲ್ಲೂ ಗಾಡಿ ರಿಪೇರಿ ಮಾಡುವವರು. ಆದರೆ ಇದನ್ನು ನಮ್ಮ ಭಾಷೆಯಲ್ಲಿ ಹೇಳುವವರು ಬೇಕಲ್ಲ?

ಮತ್ತೊಬ್ಬರು ಹೇಳ್ತಾರೆ, ಐಸ್‌ಲ್ಯಾಂಡಿನಲ್ಲಿ ಭಾರೀ ಅಗಲದ ಡಿಸ್ಕ್ ಹಾಕ್ತಾರೆ ಅಂತ. ಹೌದು, ಹಾಕ್ತಾರೆ. ಅವರಿಗೆ ಹಿಮದ ಮೇಲೆ ತೇಲಬೇಕು. ಮುಳ್ಳೇರಿಯದಲ್ಲಿ ಹಿಮ ಎಲ್ಲುಂಟು? ಇನ್ನೊಬ್ಬರಿಗೆ ಸ್ಪೇಸರ್ ಸಾಕಂತೆ. ಸ್ಪೇಸರ್ ಅಂದರೆ ಎಂತ? ಹಬ್ಬಿಗೂ ಡಿಸ್ಕಿಗೂ ನಡುವೆ ಇಡುವ ಲೋಹದ ಬಿಲ್ಲೆ. ನಾಲ್ಕು ಇಂಚಿನ ಬೆನ್ನಿಗೆ 30 ಮಿಲಿಮೀಟರ್ ಸ್ಪೇಸರ್ ಇಟ್ಟರೆ ಉಳಿಯುವುದು ಮೂರಕ್ಕೂ ಕಡಿಮೆ. ಹಣ ಕೊಟ್ಟು ಬೆನ್ನು ಕಳಕೊಳ್ಳುವ ಕೆಲಸ! ಅಗಲ ನಿಂತರೆ ಗಾಡಿ ಮಗುಚುವುದಿಲ್ಲ ಅಂತ ವಾದಿಸುವವರಿಗೆ ನಾನು ಕೇಳುವುದು, ಮಗುಚದ ಗಾಡಿಯ ಚಕ್ರ ಕಳಚಿದರೆ ಎಂತ ಮಾಡ್ತೀರಿ?

ಪೋಲೀಸರ ಮಾತೂ ಉಂಟು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದ್ದೇ ಇದೆ, ಅದರ ಮೇಲೆ 2019ರಲ್ಲಿ ಸುಪ್ರೀಂ ಕೋರ್ಟ್ ತೀರ್ಪೂ ಬಂತು. ಅದು ನಮ್ಮ ಕೇರಳದಿಂದಲೇ ಹೋದ ಕೇಸ್. ಕಂಪೆನಿ ಮಾಡಿದ್ದಕ್ಕೆ ಮೀರಿ ಬದಲಾಯಿಸಬಾರದು ಅಂತ. ಮಡ್‌ಗಾರ್ಡಿಂದ ನಾಲ್ಕು ಬೆರಳು ಹೊರಗೆ ನಿಂತದ್ದು ದೂರದಿಂದಲೇ ಕಾಣ್ತದೆ. ಆದರೆ ನನಗೆ ದಂಡದ ಚಿಂತೆ ಇಲ್ಲ. ನನಗೆ ಬೇರಿಂಗಿನ ಚಿಂತೆ. ಅಗಲ ಏರಿದರೆ ಬೆನ್ನೂ ಏರಬೇಕು! ಎಷ್ಟು ಸಲ ಹೇಳಲಿ? ಏರಬೇಕು!

ಆ ಕಮೆಂಟ್ ಹಾಕಿದವರೇ, ನಿಮಗೆ ಸಿಟ್ಟಿನಿಂದ ಹೇಳುವುದಲ್ಲ. ಯಾವ ಆದಿತ್ಯವಾರ ಬೇಕಾದರೂ ಬನ್ನಿ. ಡಿಸ್ಕ್ ನೀವು ತನ್ನಿ. ರೀಪು ಮತ್ತು ಟೇಪ್ ನಮ್ಮ ಅಂಗಳದಲ್ಲೇ ಉಂಟು.