ಚೆಲ್ಲೋ ಮತ್ತು ಇಡ್ಲಿ ಹಿಟ್ಟಿನ ಗ್ರೈಂಡರ್

ಕೇಳುಗರಿಗೆ ನಮಸ್ಕಾರ. ನಾನು ಚೆಲ್ಲೋ ನುಡಿಸುವವಳು. ಹುಟ್ಟಿ ಬೆಳೆದದ್ದು ಮುಂಬಯಿಯ ಮಾಟುಂಗಾದಲ್ಲಿ. ಚೆಲ್ಲೋ ಅಂದರೆ ಏನು ಎಂದು ನೆಂಟರು ಕೇಳಿದಾಗಲೆಲ್ಲ ನಮ್ಮ ಅಮ್ಮ ಒಂದೇ ಉತ್ತರ ಕೊಡುತ್ತಿದ್ದರು: "ಪಿಟೀಲಿನ ದೊಡ್ಡಪ್ಪ." ಅಷ್ಟು ತಿಳಿದರೆ ಸಾಕು. ನಾಲ್ಕು ತಂತಿ, ನಾಲ್ಕಡಿ ಎತ್ತರ. ಕುರ್ಚಿಯಲ್ಲಿ ಕೂತು, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಕಮಾನಿನಿಂದ ನುಡಿಸಬೇಕು. ಲೋಕಲ್ ಟ್ರೈನಿನಲ್ಲಿ ಇದಕ್ಕೆ ಲಗೇಜ್ ಡಬ್ಬಿಯೇ ಗತಿ. ಮೀನಿನ ಬುಟ್ಟಿಗಳ ಪಕ್ಕ ನಿಂತು ಎಷ್ಟು ವರ್ಷ ಓಡಾಡಿದ್ದೇನೋ ಲೆಕ್ಕವಿಲ್ಲ.

ಇವತ್ತು ನಾನು ಹೇಳುವುದು ಒಂದೇ ಮಾತು. ಹತ್ತಿರ ಕೂತು ಕೇಳಿ.

ಯಾಕೆ ಅಂತೀರಾ? ನಾನು ನುಡಿಸುವುದು ಚೇಂಬರ್ ಮ್ಯೂಸಿಕ್. ಚೇಂಬರ್ ಅಂದರೆ ಕೋಣೆ. ಕೋಣೆಯ ಸಂಗೀತ. ನರಿಮನ್ ಪಾಯಿಂಟಿನ ಎನ್‌ಸಿಪಿಎ ಎಂಬ ಕಲಾಕೇಂದ್ರದಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆಯಲ್ಲ, 2006ರಲ್ಲಿ ಶುರುವಾದದ್ದು, ಅದು ದೊಡ್ಡ ಸಭಾಂಗಣದ ಸಂಗೀತ. ವಾದಕರ ದಂಡೇ ಇರುತ್ತದೆ, ಮುಂದೆ ಕೋಲು ಹಿಡಿದ ನಿರ್ದೇಶಕರು ಇರುತ್ತಾರೆ. ನಮ್ಮದು ನಾಲ್ಕೇ ಜನ. ಎರಡು ಪಿಟೀಲು, ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ ಒಂದು ವಯೋಲಾ, ಒಂದು ಚೆಲ್ಲೋ. ಕೋಲು ಹಿಡಿಯುವವರು ಯಾರೂ ಇಲ್ಲ. ಮೊದಲ ಪಿಟೀಲಿನವರು ಮೂಗಿನಲ್ಲಿ ಉಸಿರು ಎಳೆದುಕೊಳ್ಳುತ್ತಾರೆ, ಅದನ್ನು ಕೇಳಿ ಮೂರೂ ಜನ ಹೊರಡುತ್ತೇವೆ. ಆ ಉಸಿರು ಹಿಂದಿನ ಸಾಲಿಗೆ ಕೇಳುತ್ತದೆಯೇ? ಕೇಳುವುದಿಲ್ಲ. ಅದಕ್ಕೇ ಹೇಳಿದ್ದು, ಹತ್ತಿರ ಕೂತು ಕೇಳಿ.

"ನಮಗೆ ಇಂಗ್ಲಿಷ್ ಸಂಗೀತ ಅರ್ಥ ಆಗುವುದಿಲ್ಲ" ಎಂದು ಬಹಳ ಜನ ಹೇಳುತ್ತಾರೆ. ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ, ಕ್ಷಮಿಸಿ. ಮೊದಲನೆಯದಾಗಿ ಇದು ಇಂಗ್ಲಿಷರದ್ದಲ್ಲ. ಚೆಲ್ಲೋ ಇಟಲಿಯದು. ಎರಡನೆಯದಾಗಿ, ಅರ್ಥ ಮಾಡಿಕೊಳ್ಳಿ ಎಂದು ನಿಮಗೆ ಹೇಳಿದವರು ಯಾರು? ಒಂದು ಕಥೆ ಹೇಳುತ್ತೇನೆ.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ನಮ್ಮ ತಂದೆಯವರಿಗೆ ಪರಿಚಯದ ಒಬ್ಬರು ಹೋಟೆಲ್ ನಡೆಸುತ್ತಿದ್ದರು. ಇಡ್ಲಿ, ದೋಸೆ, ಕಾಫಿಯ ನಮ್ಮ ಉಡುಪಿ ಹೋಟೆಲ್. "ನಮ್ಮ ಹುಡುಗರಿಗೆ ಎಲ್ಲಿಗೂ ಹೋಗಲು ಪುರುಸೊತ್ತಿಲ್ಲ. ನೀವೇ ಬನ್ನಿ. ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ನುಡಿಸಿ" ಎಂದರು. ಹೋದೆವು. ಹತ್ತೂವರೆಗೆ ಷಟರ್ ಅರ್ಧ ಇಳಿಸಿ, ಟೇಬಲ್‌ಗಳನ್ನು ಗೋಡೆಗೆ ಸರಿಸಿದರು. ಹದಿನೈದು ಹುಡುಗರು, ಹೆಚ್ಚಿನವರು ಕುಂದಾಪುರದ ಕಡೆಯವರು. ಜಾಗ ಎಷ್ಟು ಇಕ್ಕಟ್ಟು ಎಂದರೆ ನನ್ನ ಕಮಾನು ಎಲ್ಲಿ ಯಾರ ಮೂಗಿಗೆ ತಾಗುತ್ತದೋ ಎಂಬ ಭಯ.

ನಾವು ಹಿಡಿದದ್ದು ಆಸ್ಟ್ರಿಯಾದ ಸಂಗೀತಕಾರ ಹೈಡನ್ ಅವರ ಕ್ವಾರ್ಟೆಟ್, ಅಂದರೆ ನಾಲ್ಕು ಜನ ನುಡಿಸುವ ಕೃತಿ. 1797ರ ಹೊತ್ತಿಗೆ ಬರೆದದ್ದು, ಜಿ ಮೇಜರ್. ನಮ್ಮ ಲೆಕ್ಕದಲ್ಲಿ ಜಿ ಅದರ ಷಡ್ಜ ಅಂತಿಟ್ಟುಕೊಳ್ಳಿ. ಅದರ ಶುರು ಬಹಳ ಚೆಂದ. ನಾಲ್ಕೂ ಜನ ಸೇರಿ ಮೂರು ಪೆಟ್ಟು. ಆಮೇಲೆ ಎಲ್ಲರೂ ಸುಮ್ಮನಾಗುತ್ತಾರೆ, ಚೆಲ್ಲೋ ಒಂಟಿಯಾಗಿ ಹೊರಡುತ್ತದೆ. ನನ್ನ ಸರದಿ! ಹೊರಟೆ. ಒಳಗಿನಿಂದ ಗುಂಯ್ ಎಂಬ ಸದ್ದು. ಅಡುಗೆಮನೆಯಲ್ಲಿ ಮರುದಿನದ ಇಡ್ಲಿಗೆ ಹಿಟ್ಟು ರುಬ್ಬುತ್ತಿದ್ದಾರೆ.

ನಿಲ್ಲಿಸಿದೆ. "ದಯವಿಟ್ಟು ಗ್ರೈಂಡರ್ ಆಫ್ ಮಾಡಿ" ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆ ಅಂತ ಕಾಣುತ್ತದೆ. ಒಳಗಿನಿಂದ ಒಬ್ಬ ಹುಡುಗ ಬಂದ, ಮೊಣಕೈ ತನಕ ಹಿಟ್ಟು. ಹದಿನೆಂಟೋ ಹತ್ತೊಂಬತ್ತೋ ವಯಸ್ಸು. "ನಿಲ್ಲಿಸೂಕೆ ಆಗುದಿಲ್ಲ ಅಕ್ಕ, ಉದ್ದು ಅರ್ಧಕ್ಕೆ ನಿಂತ್ರೆ ಹಿಟ್ಟು ಹಾಳು" ಎಂದ. ಆಮೇಲೆ ಅಲ್ಲೇ ನಿಂತು ಹೇಳಿದ: "ಗ್ರೈಂಡರ್ ಇದ್ರೆ ತೊಂದ್ರೆ ಇಲ್ಲ. ನಿಮ್ಮ ಆ ಎರಡನೇ ದಪ್ಪ ತಂತಿ ಅದಕ್ಕೆ ಕೂಡ್ತಾ ಇಲ್ಲ, ಅಲ್ದಾ? ವಾಂವ್ ವಾಂವ್ ಅಂತಿತ್ತು. ಚೂರು ಏರಿಸಿ ಕಾಂಬ."

ನಾವು ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ನಮ್ಮ ವಯೋಲಾದವರು ಹಗಲು ಹೊತ್ತಿನಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರ್. ಅವರಿಗೆ ನಗು ತಡೆಯಲಾಗಲಿಲ್ಲ. ನೋಡಿ, ನಮ್ಮ ಮನೆಗೆ ಬರುವ ಕರೆಂಟು 50 ಹರ್ಟ್ಸ್. ಮೋಟಾರು ಅದರ ಎರಡರಷ್ಟು ಗುಂಯ್‌ಗುಡುತ್ತದೆ, ಸೆಕೆಂಡಿಗೆ 100 ಸಲ. ಹುಡುಗ ಹೇಳಿದ ಆ ತಂತಿ, ಅಂದರೆ ನನ್ನ ಜಿ ತಂತಿ, ನಡುಗುವುದು ಸೆಕೆಂಡಿಗೆ 98 ಸಲ. ಎರಡರದ್ದೇ ವ್ಯತ್ಯಾಸ. ಹತ್ತಿರ ಹತ್ತಿರದ ಎರಡು ದನಿ ಒಟ್ಟಿಗೆ ಕೇಳಿದರೆ ಸೆಕೆಂಡಿಗೆ ಎರಡು ಸಲ ಅಲೆ ಎದ್ದ ಹಾಗೆ ವಾಂವ್ ವಾಂವ್ ಎನ್ನುತ್ತದೆ. ತಂಬೂರಿ ಕೂಡಿಸಿದವರಿಗೆ ಇದು ಗೊತ್ತು. ಹುಡುಗನಿಗೂ ಗೊತ್ತಿತ್ತು. ಅವನ ಮಾವ ಊರಿನ ಯಕ್ಷಗಾನ ಮೇಳದಲ್ಲಿ ಶ್ರುತಿ ಪೆಟ್ಟಿಗೆ ಹಿಡಿಯುವವರಂತೆ.

ಸರಿ, ಏನು ಮಾಡಿದೆವು ಗೊತ್ತಾ? ನಾಲ್ಕೂ ಜನ ವಾದ್ಯಗಳನ್ನು ಕೂದಲೆಳೆಯಷ್ಟು ಏರಿಸಿ ಗ್ರೈಂಡರಿಗೆ ಶ್ರುತಿ ಮಾಡಿಕೊಂಡೆವು! ಪಿಯಾನೊ ಇದ್ದಿದ್ದರೆ ಇದು ಆಗುತ್ತಿರಲಿಲ್ಲ, ಅದರ ಶ್ರುತಿಯನ್ನು ಹೀಗೆ ನಿಂತಲ್ಲೇ ಏರಿಸಲಾಗುವುದಿಲ್ಲ. ಮತ್ತೆ ಮೂರು ಪೆಟ್ಟು, ಮತ್ತೆ ನಾನು ಒಂಟಿ. ಈ ಸಲ ಕೆಳಗೆ ಷಡ್ಜ ಹಿಡಿದ ಹಾಗೆ ಗ್ರೈಂಡರ್. ಹೈಡನ್ ಮುಗಿದ ಮೇಲೂ ಹಿಟ್ಟು ಮುಗಿದಿರಲಿಲ್ಲ. ಹುಡುಗರು "ಇನ್ನೊಂದು" ಎಂದರು. ನಾನೊಬ್ಬಳೇ ಜರ್ಮನಿಯ ಬಾಖ್ ಅವರ ಮೊದಲನೇ ಸೂಟ್ ನುಡಿಸಿದೆ. ಸೂಟ್ ಅಂದರೆ ಒಂಟಿ ಚೆಲ್ಲೋಗೆ ಬರೆದ ಬಿಡಿ ತುಣುಕುಗಳ ಗೊಂಚಲು. 1720ರ ಆಸುಪಾಸಿನದು. ಅದು ಶುರುವಾಗುವುದೇ ಬೆರಳು ಒತ್ತದೆ ನುಡಿಸುವ ಆ ಜಿ ತಂತಿಯಿಂದ. ಮೊದಲ ನಾಲ್ಕು ಆವರ್ತಗಳಲ್ಲಿ ಮೇಲಿನ ಸ್ವರ ಏನೇ ಬದಲಾದರೂ ಕೆಳಗೆ ಅದೇ ತಂತಿ ಮತ್ತೆ ಮತ್ತೆ ಬರುತ್ತದೆ. ಗ್ರೈಂಡರಿಗೆಂದೇ ಬರೆದ ಹಾಗಿತ್ತು! ಬಾರ್ಸಿಲೋನಾದ ಒಂದು ಅಂಗಡಿಯಲ್ಲಿ ಮುಂದೆ ಹೆಸರಾಂತ ಚೆಲ್ಲೋ ವಾದಕರಾದ ಪಾಬ್ಲೊ ಕಸಾಲ್ಸ್ ಅವರಿಗೆ 13ನೇ ವಯಸ್ಸಿನಲ್ಲಿ ಈ ಸೂಟ್‌ಗಳ ಹಳೆಯ ಪ್ರತಿ ಸಿಕ್ಕಿತ್ತು. ಹತ್ತಕ್ಕೂ ಹೆಚ್ಚು ವರ್ಷ ಮನೆಯಲ್ಲೇ ಸಾಧನೆ ಮಾಡಿದ ಮೇಲೆ ಅವರು ಅದನ್ನು ಜನರ ಮುಂದೆ ನುಡಿಸಿದರು. ನಮ್ಮ ಹಿಟ್ಟಿನ ಹುಡುಗ ಕೇಳಿದ ತಕ್ಷಣ, "ಇದು ಕೂಡ್ತು" ಎಂದ.

ಅವನು ಬಾಗಿಲ ಹತ್ತಿರ ನಿಂತಿದ್ದ, ನನ್ನಿಂದ ಐದಡಿ ದೂರ. ಐವತ್ತಡಿ ದೂರದಲ್ಲಿ, ಮೈಕಿನ ಮೂಲಕ ಕೇಳಿದ್ದರೆ ಆ ಎರಡರ ವ್ಯತ್ಯಾಸ ಅವನಿಗೆ ಸಿಗುತ್ತಿತ್ತೇ?

ಅಯ್ಯೋ, ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಇನ್ನು ಎರಡೇ ನಿಮಿಷ. ಹೇಳಬೇಕಾದ್ದು ಬಹಳ ಇತ್ತು. ಬಾಂದ್ರಾದಲ್ಲಿ ನನಗೆ ಕಲಿಸಿದ ಗೋವಾದ ಮೇಷ್ಟ್ರು, ಸಿನಿಮಾ ರೆಕಾರ್ಡಿಂಗಿನ ಕಾಲ, ಕೀಬೋರ್ಡ್ ಬಂದು ನಮ್ಮ ಕುರ್ಚಿಗಳು ಒಂದೊಂದಾಗಿ ಖಾಲಿಯಾದದ್ದು, ಎಲ್ಲವನ್ನೂ ಬಿಡುತ್ತೇನೆ. ಇದು ಮುಂಬಯಿಗೆ ಹೊಸದೇನಲ್ಲ ಎಂದಷ್ಟೇ ಹೇಳುತ್ತೇನೆ. ಹೆಸರಾಂತ ಆರ್ಕೆಸ್ಟ್ರಾ ನಿರ್ದೇಶಕ ಜುಬಿನ್ ಮೆಹ್ತಾ ಅವರ ತಂದೆ ಮೆಹ್ಲಿ ಮೆಹ್ತಾ 1935ರಲ್ಲೇ ಇಲ್ಲಿ ಆರ್ಕೆಸ್ಟ್ರಾ ಕಟ್ಟಿದ್ದರು.

ಆ ರಾತ್ರಿಯಾದ ಮೇಲೆ ನಾವು ಶಾಲೆಗೆ ಹೋಗುತ್ತೇವೆ, ಆಸ್ಪತ್ರೆಯ ವಾರ್ಡಿಗೆ ಹೋಗುತ್ತೇವೆ, ಚಾಳಿನ ಪಡಸಾಲೆಗೂ ಹೋಗುತ್ತೇವೆ. ಮೈಕ್ ಇಟ್ಟರೆ ತೆಗೆಸುತ್ತೇವೆ. ಶಾಲೆಯಲ್ಲಿ ಮಕ್ಕಳಿಗೆ ಚೆಲ್ಲೋದ ಬೆನ್ನಿಗೆ ಅಂಗೈ ಒತ್ತಿ ನಿಲ್ಲಲು ಹೇಳುತ್ತೇನೆ, ದನಿ ಕೈಗೂ ತಾಗುತ್ತದೆ. ಮಳೆಗಾಲ ಮಾತ್ರ ಕಷ್ಟ. ಮರ ನೀರು ಕುಡಿದು ಉಬ್ಬುತ್ತದೆ, ಅಂಟಿಸಿದ ಕಡೆ ಬಾಯಿ ಬಿಡುತ್ತದೆ.

ತಂದೆ ತಾಯಿಗಳು ಫೋನ್ ಮಾಡುತ್ತಾರೆ: "ಮಗುವಿಗೆ ಕಲಿಸುತ್ತೀರಾ? ಎಷ್ಟು ವರ್ಷಕ್ಕೆ ಸಂಗೀತದ ಎಂಟನೇ ಗ್ರೇಡ್ ಪರೀಕ್ಷೆ?" ಪರೀಕ್ಷೆ ಇರಲಿ ಬಿಡಿ. ಮಕ್ಕಳಿಗೆಂದೇ ಅರ್ಧ, ಕಾಲು ಅಳತೆಯ ಚೆಲ್ಲೋ ಸಿಗುತ್ತದೆ, ಬಾಡಿಗೆಗೂ ಕೇಳಿ ನೋಡಿ. ಆದರೆ ಮೊದಲು ಮಗುವನ್ನು ಕರೆದುಕೊಂಡು ಬಂದು ಹತ್ತಿರ ಕೂರಿಸಿ.

ಚಾಪೆ ಹಾಸಿರುತ್ತೇವೆ, ಚಪ್ಪಲಿ ಹೊರಗೆ ಬಿಟ್ಟು ಬನ್ನಿ. ದಯವಿಟ್ಟು ಬಾಗಿಲ ಪಕ್ಕ ಕೂರಬೇಡಿ, ಮುಂದೆ ಬನ್ನಿ. ಇನ್ನೂ ಸ್ವಲ್ಪ ಮುಂದೆ. ಕಮಾನು ತಾಗುವುದಿಲ್ಲ, ನಾನು ನೋಡಿಕೊಳ್ಳುತ್ತೇನೆ. ನಮಸ್ಕಾರ.