ಮಾವನ ಅಂಗಡೀಲಿ ಬಿಲ್ ಹಾಕಿದ್ದೂ ಅನುಭವವೇ

ಕೇಳುಗರಿಗೆ ನಮಸ್ಕಾರ.

ಪದವಿ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗೆ ಕೈತುಂಬ ಕೆಲಸ. ಅಂಗಡಿಯವನ ಕಂಪ್ಯೂಟರಿನಲ್ಲಿ ಯಾವುದೋ ಕಾಲದ ಬಯೋಡೇಟಾ ಒಂದು ಇರುತ್ತದೆ. ಹೆಸರು, ತಂದೆಯ ಹೆಸರು, ಅಂಕ ಬದಲಿಸಿ ಒಬ್ಬೊಬ್ಬರಿಗೂ ಅದನ್ನೇ ಮುದ್ರಿಸಿ ಕೊಡುತ್ತಾನೆ. ಮೇಲ್ಗಡೆ ‘ಗುರಿ’ ಅಂತ ಒಂದು ಸಾಲು: ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಏಳಿಗೆಗೆ ನನ್ನ ಕೌಶಲವನ್ನೆಲ್ಲ ಧಾರೆ ಎರೆಯುವುದು. ಕೆಳಗೆ, ಮೇಲಿನದೆಲ್ಲ ನಿಜ ಎಂಬ ಘೋಷಣೆ. ನಡುವೆ ಶ್ರಮಜೀವಿ, ಪ್ರಾಮಾಣಿಕ, ಬೇಗ ಕಲಿಯುವವನು. ಅರ್ಜಿ ನೋಡುವವರ ಮೇಜಿನ ಮೇಲೆ ಇಂಥ ಹಾಳೆಗಳ ಕಂತೆಯೇ ಇರುತ್ತದೆ. ಎಲ್ಲರೂ ಶ್ರಮಜೀವಿಗಳೇ ಆದಮೇಲೆ ಯಾರನ್ನು ಕರೆಯುವುದು?

ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳು ಇದ್ದಾಳೆ ಅಂದುಕೊಳ್ಳಿ. ಚಳ್ಳಕೆರೆ ಕಡೆಯವಳು. ದಾವಣಗೆರೆಯಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾಳೆ. ಅನುಭವ ಏನಮ್ಮ ಎಂದರೆ, “ಏನೂ ಇಲ್ಲ ಸಾರ್, ಫ್ರೆಷರ್” ಅನ್ನುತ್ತಾಳೆ. ಸಂಜೆ ಹೊತ್ತು ಏನು ಮಾಡ್ತೀಯ ಎಂದರೆ, “ಮಾವನ ಗೊಬ್ಬರದ ಅಂಗಡೀಲಿ ಬಿಲ್ ಹಾಕ್ತೀನಿ, ಎರಡು ವರ್ಷದಿಂದ.”

ಆ ಅಂಗಡಿಯೊಳಗೆ ಸ್ವಲ್ಪ ಹೋಗಿ ನೋಡೋಣ. ರಸಗೊಬ್ಬರಕ್ಕೆ ಜಿಎಸ್‌ಟಿ ಶೇ 5, ರಾಸಾಯನಿಕ ಕೀಟನಾಶಕಕ್ಕೆ ಶೇ 18. ಒಂದೇ ಬಿಲ್ಲಿನಲ್ಲಿ ಯೂರಿಯಾ ಚೀಲವೂ ಔಷಧಿ ಡಬ್ಬಿಯೂ ಇದ್ದರೆ ಎರಡನ್ನೂ ಬೇರೆ ಬೇರೆ ದರದಲ್ಲಿ ಹಿಡಿಯಬೇಕು. ಸಬ್ಸಿಡಿ ಗೊಬ್ಬರ ಮಾರುವಾಗ ರೈತರ ಆಧಾರ್ ನಮೂದಿಸಿ, ಪಿಒಎಸ್, ಅಂದರೆ ಮಾರಾಟ ದಾಖಲಿಸುವ ಯಂತ್ರದ ಮೇಲೆ ಬೆರಳಚ್ಚು ತೆಗೆದುಕೊಳ್ಳಬೇಕು. ಯಂತ್ರ ತೋರಿಸುವ ದಾಸ್ತಾನಿಗೂ ಗೋದಾಮಿನಲ್ಲಿರುವ ಚೀಲಗಳಿಗೂ ತಾಳೆಯಾಗದಿದ್ದರೆ ತಪಾಸಣೆಗೆ ಬಂದವರಿಗೆ ಉತ್ತರ ಹೇಳಬೇಕಾದದ್ದು ಮಾವ. ತಿಂಗಳು ತಿಂಗಳು ರಿಟರ್ನ್ ಸಲ್ಲಿಸುವ ಅಂಗಡಿಯಾದರೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ರಿಟರ್ನಿಗೆ ಮರುತಿಂಗಳ 11ನೇ ತಾರೀಖು ಕಡೆಯ ದಿನ. ಅಷ್ಟರೊಳಗೆ ಮಾರಾಟದ ಪಟ್ಟಿ ಆಡಿಟರ್ ಕೈ ಸೇರಬೇಕು. ಇಷ್ಟನ್ನೂ ನಿಭಾಯಿಸುವ ಹುಡುಗಿ ತನಗೆ ಅನುಭವವೇ ಇಲ್ಲ ಅನ್ನುತ್ತಿದ್ದಾಳೆ!

ಅವಳ ಬಯೋಡೇಟಾದಲ್ಲಿ ‘ಗುರಿ’ ಇದ್ದ ಜಾಗಕ್ಕೆ ಈ ಸಾಲುಗಳು ಬರಲಿ. ನಿಧಾನವಾಗಿ ಓದುತ್ತೇನೆ: “ಗೊಬ್ಬರ ಮತ್ತು ಕೀಟನಾಶಕ ಅಂಗಡಿಯಲ್ಲಿ ಅರೆಕಾಲಿಕ ಲೆಕ್ಕದ ಕೆಲಸ, 2 ವರ್ಷ. ಟ್ಯಾಲಿಪ್ರೈಮ್‌ನಲ್ಲಿ ಖರೀದಿ, ಮಾರಾಟದ ನಮೂದು. ಜಿಎಸ್‌ಟಿಆರ್-1ಕ್ಕೆ ಪ್ರತಿ ತಿಂಗಳ ಮಾರಾಟದ ಪಟ್ಟಿ. ಪಿಒಎಸ್ ದಾಸ್ತಾನು ಮತ್ತು ಗೋದಾಮಿನ ದಾಸ್ತಾನು ತಾಳೆ ನೋಡುವುದು.” ಅಷ್ಟೇ. ಟ್ಯಾಲಿಪ್ರೈಮ್ ಅಂದರೆ ಲೆಕ್ಕ ಇಡುವ ಸಾಫ್ಟ್‌ವೇರ್. ‘ಪ್ರಾಮಾಣಿಕ’ ಅನ್ನುವ ಪದವೇ ಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಬರೆಯಬೇಕಾಗಿ ಬಂದರೂ ಇಷ್ಟೇ ಚಿಕ್ಕ ಸಾಲುಗಳು ಸಾಕು, ದೊಡ್ಡ ಪದಕ್ಕೆ ತಡಕಾಡಬೇಡಿ. ಭಾಷೆಗಳ ಪಟ್ಟಿಯಲ್ಲಿ ತೆಲುಗನ್ನೂ ಸೇರಿಸಲಿ. ಆಂಧ್ರದ ಗಡಿ ಹತ್ತಿರದವಳು, ಗಿರಾಕಿಗಳ ಜತೆ ದಿನಾ ಆಡುತ್ತಾಳೆ. ವ್ಯಾಪಾರದ ಸಂಸ್ಥೆಗೆ ಅದು ಬೇಡವಾದೀತೆ?

ಐಟಿಐ ಮುಗಿಸಿದವರದ್ದೂ ಇದೇ ಕಥೆ. ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಯಂತ್ರದ ಬಗ್ಗೆ ‘ಸಿಎನ್‌ಸಿ ಗೊತ್ತು’ ಅಂತ ಒಂದು ಮಾತಿನಲ್ಲಿ ಮುಗಿಸುತ್ತಾರೆ. ಲೇತೋ ಮಿಲ್ಲಿಂಗೋ, ಯಂತ್ರದ ಕಂಟ್ರೋಲ್ ಫ್ಯಾನುಕ್ ಕಂಪನಿಯದೋ ಸೀಮೆನ್ಸ್ ಕಂಪನಿಯದೋ, ಪ್ರೋಗ್ರಾಂ ನೀವೇ ಬರೆಯುತ್ತೀರೋ ಅಥವಾ ಬೇರೆಯವರು ಬರೆದದ್ದಕ್ಕೆ ಜಾಬ್, ಅಂದರೆ ಕೊರೆಯಬೇಕಾದ ಲೋಹದ ತುಂಡು, ಲೋಡ್ ಮಾಡಿ ಓಡಿಸುತ್ತೀರೋ, ಮೈಕ್ರೋಮೀಟರ್ ಹಿಡಿದು ಅಳೆಯಲು ಬರುತ್ತದೋ? ಬೆಂಗಳೂರಿನ ಪೀಣ್ಯದ ಕಾರ್ಖಾನೆಯ ಸೂಪರ್‌ವೈಸರ್‌ಗೆ ಬೇಕಾದದ್ದು ಇದು. ಜಾಬ್ ಲೋಡ್ ಮಾಡಿದ್ದಷ್ಟೇ ಆಗಿದ್ದರೆ ಹಾಗೇ ಬರೆಯಿರಿ. ಪ್ರೋಗ್ರಾಂ ಬರುತ್ತದೆ ಎಂದು ಬರೆದು, ಟ್ರಯಲ್ ದಿನ ಯಂತ್ರದ ಮುಂದೆ ಕೈಕಟ್ಟಿ ನಿಂತರೆ ಇದ್ದ ಮರ್ಯಾದೆಯೂ ಹೋಗುತ್ತದೆ.

ಇನ್ನು ತೆಗೆಯಬೇಕಾದ್ದು. ಖಾಸಗಿ ಕಂಪನಿಗೆ ಕಳಿಸುವ ಹಾಳೆಯಲ್ಲಿ ಜಾತಿ, ಧರ್ಮ, ಮದುವೆಯ ವಿವರ ಬೇಕಿಲ್ಲ. ಸರಕಾರಿ ಹುದ್ದೆಯ ಅರ್ಜಿ ಬೇರೆ. ಅಲ್ಲಿ ನಮೂನೆ ಅವರದ್ದು, ಕೇಳಿದ್ದನ್ನು ಕೇಳಿದ ಹಾಗೆ ತುಂಬಬೇಕು. ಆಧಾರ್, ಪ್ಯಾನ್ ಸಂಖ್ಯೆ ಮಾತ್ರ ಬಯೋಡೇಟಾದಲ್ಲಿ ಖಂಡಿತ ಹಾಕಬೇಡಿ. ಆ ಹಾಳೆ ಎಷ್ಟು ಜನರ ಕೈ ದಾಟುತ್ತದೋ ನಿಮಗೆ ತಿಳಿಯದು. ನಡುವೆ ಒಂದು ವರ್ಷ ಖಾಲಿ ಇದ್ದರೆ ಮುಚ್ಚಿಡಲು ಹೋಗಬೇಡಿ. ಅಮ್ಮನಿಗೆ ಹುಷಾರಿರಲಿಲ್ಲ, ಮನೆಯಲ್ಲಿದ್ದೆ ಅಂದರೆ ಅರ್ಥವಾಗದ ಅಧಿಕಾರಿ ಕಡಿಮೆ. ದಿನಾಂಕ ತಿದ್ದಿದ್ದು ಅಂಕಪಟ್ಟಿ ನೋಡಿದಾಗ ಗೊತ್ತಾದರೆ ಮಾತ್ರ ಕಷ್ಟ.

ದೊಡ್ಡ ಕಂಪನಿಗಳಲ್ಲಿ, ಉದ್ಯೋಗದ ಪೋರ್ಟಲ್‌ಗಳಲ್ಲಿ ಬಯೋಡೇಟಾವನ್ನು ಎಷ್ಟೋ ಸಲ ಮೊದಲು ಓದುವುದು ಮನುಷ್ಯರಲ್ಲ, ಸಾಫ್ಟ್‌ವೇರ್. ಮುದ್ರಿಸಿದ ಹಾಳೆಯ ಫೋಟೊ ಹೊಡೆದು ಕಳಿಸಿದರೆ ಅದು ಚಿತ್ರವಾಗುತ್ತದೆ. ಅದರೊಳಗಿನ ಅಕ್ಷರ ಹುಡುಕಾಟಕ್ಕೆ ಸಿಗದೇ ಹೋಗಬಹುದು. ವರ್ಡ್‌ನಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿ. ಎರಡು ಕಾಲಂ, ಬಣ್ಣದ ಪಟ್ಟಿ, ಕೌಶಲಕ್ಕೆ ಐದರಲ್ಲಿ ನಾಲ್ಕು ನಕ್ಷತ್ರ, ಇವೆಲ್ಲ ಕಣ್ಣಿಗೆ ಚಂದ, ಉಪಯೋಗ ಕಡಿಮೆ. ಟ್ಯಾಲಿಯಲ್ಲಿ ನಾಲ್ಕು ನಕ್ಷತ್ರ ಅಂದರೇನು, ನನಗಂತೂ ಈವರೆಗೆ ಅರ್ಥವಾಗಿಲ್ಲ. ಜಾಹೀರಾತಿನಲ್ಲಿ ‘ಬ್ಯಾಂಕ್ ರೀಕನ್ಸಿಲಿಯೇಷನ್’, ಅಂದರೆ ನಮ್ಮ ಪುಸ್ತಕದ ಲೆಕ್ಕಕ್ಕೂ ಬ್ಯಾಂಕಿನ ಲೆಕ್ಕಕ್ಕೂ ತಾಳೆ ನೋಡುವುದು, ಎಂದಿದ್ದು ನಿಮಗೆ ಅದು ಬರುವುದಾದರೆ ಅದೇ ಪದ ಬಳಸಿ. ಕಡತಕ್ಕೆ ನಿಮ್ಮ ಹೆಸರು, ಹುದ್ದೆಯ ಹೆಸರು ಇಡಿ. ‘ರೆಸ್ಯೂಮ್ ಫೈನಲ್ ನ್ಯೂ’ ಎಂಬ ಕಡತಗಳು ಆ ಕಡೆ ಬೇಕಾದಷ್ಟಿವೆ.

ಈಗ ಎಐ ಹತ್ತಿರ ಬರೆಸುವುದೂ ಶುರುವಾಗಿದೆ. ಬೇಡ ಅನ್ನುವುದಿಲ್ಲ, ಕಾಗುಣಿತ, ವ್ಯಾಕರಣ ತಿದ್ದಿಸಿಕೊಳ್ಳಲು ಒಳ್ಳೆಯದೇ. ಆದರೆ ಅದು ಬರೆದುಕೊಟ್ಟದ್ದನ್ನು ಒಮ್ಮೆ ಗಟ್ಟಿಯಾಗಿ ಓದಿ. ಸಂದರ್ಶನದಲ್ಲಿ ನಿಮ್ಮ ಬಾಯಲ್ಲಿ ಬಾರದ ಪದ, ವಿವರಿಸಲಾಗದ ಸಾಲು ಇದ್ದರೆ ಹೊಡೆದುಹಾಕಿ. ಇಲ್ಲವಾದರೆ ಜೆರಾಕ್ಸ್ ಅಂಗಡಿಯವನ ‘ಗುರಿ’ಗೂ ಇದಕ್ಕೂ ಏನು ವ್ಯತ್ಯಾಸ?

ಕೊಟ್ಟ ಮೊಬೈಲ್ ನಂಬರ್ ಚಾಲ್ತಿಯಲ್ಲಿರಲಿ. ಯಾವ ಕಂಪನಿಗೆ, ಯಾವ ಹುದ್ದೆಗೆ, ಯಾವ ದಿನ, ಯಾವ ಪ್ರತಿ ಕಳಿಸಿದಿರಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೂರು ವಾರ ಬಿಟ್ಟು ಫೋನ್ ಬಂದಾಗ “ಯಾವ ಕಂಪನಿ ಸಾರ್?” ಅನ್ನಬಾರದಲ್ಲ. ಹಾಗೆ ಫೋನ್ ಮಾಡಿದವರು ಸಂದರ್ಶನಕ್ಕೂ ಮೊದಲೇ ನೋಂದಣಿ ಶುಲ್ಕ, ತರಬೇತಿ ಠೇವಣಿ ಅಂತ ದುಡ್ಡು ಕೇಳಿದರೆ ಅಲ್ಲಿಗೇ ಫೋನ್ ಇಟ್ಟುಬಿಡಿ.

ನಮಸ್ಕಾರ.