ಇಂಗ್ಲಿಷ್ ಯಾವ ಕ್ಲಾಸಿನಿಂದ?

ಕೇಳುಗರೆಲ್ಲರಿಗೂ ನಮಸ್ಕಾರ.

ಅಡ್ಮಿಷನ್ ದಿನಗಳು ಬಂದರೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಇದೇ ಚರ್ಚೆ. ಇಂಗ್ಲಿಷ್ ಎಲ್‌ಕೆಜಿಯಿಂದಲೇ ಆಗಲಿ ಅಂತ ಅಪ್ಪ, ಸ್ವಲ್ಪ ತಡಿ ಅಂತ ಅಜ್ಜ. ಫ್ರೆಂಚ್, ಜರ್ಮನ್ ಆಸೆ ಬೇರೆ.

"ಸಣ್ಣವರಿದ್ದಾಗ ಭಾಷೆ ಲಗೂನ ಬರ್ತದ" ಅಂತೀವಲ್ಲ, ಅದು ಸುಳ್ಳಲ್ಲ. ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಆಡುವ ಹುಡುಗನಿಗೆ ಕನ್ನಡ, ಉರ್ದು ಎರಡೂ ಪಾಠವಿಲ್ಲದೇ ಬರುತ್ತವೆ. ಆದರೆ ಅವನು ಆಡುವುದು, ಜಗಳ ತೆಗೆಯುವುದು, ರಾಜಿ ಆಗುವುದು ಎಲ್ಲ ಅದರಲ್ಲೇ. ಶಾಲೆಯ ಲೆಕ್ಕ ಹಾಗಲ್ಲ. ಶಿಕ್ಷಣ ಹಕ್ಕು ಕಾಯ್ದೆಯಂತೆ 5ನೇ ತರಗತಿವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕು. ದಿನಕ್ಕೆ 40 ನಿಮಿಷದ ಒಂದು ಪಿರಿಯಡ್ ಹಿಡಿದರೆ ವರ್ಷವಿಡೀ ಸಿಗುವುದು ಸುಮಾರು 133 ತಾಸು. ಓಣಿಯಲ್ಲಿ ಅಷ್ಟು ಮಾತು ತಿಂಗಳೊಪ್ಪತ್ತಿನಲ್ಲಿ ಕಿವಿಗೆ ಬಿದ್ದಿರುತ್ತದೆ.

ಸ್ಪೇನಿನ ಬಾರ್ಸಿಲೋನಾದಲ್ಲಿ ಭಾಷಾ ಸಂಶೋಧಕಿ ಕಾರ್ಮೆನ್ ಮುನ್ಯೋಸ್ ಮತ್ತು ಜೊತೆಗಾರರು ಇದನ್ನೇ ವರ್ಷಗಟ್ಟಲೆ ನೋಡಿದರು. ಕೆಲವು ಮಕ್ಕಳು 8ನೇ ವಯಸ್ಸಿಗೆ ಇಂಗ್ಲಿಷ್ ಶುರು ಮಾಡಿದ್ದರು, ಕೆಲವರು 11ಕ್ಕೆ. ಎರಡೂ ಗುಂಪಿಗೆ ಅಷ್ಟಷ್ಟೇ ತಾಸು ಪಾಠ ಆದಮೇಲೆ ಅಳೆದರೆ, ತಡವಾಗಿ ಶುರು ಮಾಡಿದವರೇ ಹೆಚ್ಚಿನ ಪರೀಕ್ಷೆಗಳಲ್ಲಿ ಮುಂದಿದ್ದರು. ದೊಡ್ಡ ಮಕ್ಕಳಿಗೆ ಓದು-ಬರಹ ಕೂತಿರುತ್ತದೆ, ನಿಯಮ ಹೇಳಿದರೆ ತಿಳಿಯುತ್ತದೆ. ಸಣ್ಣವರು ಕೇಳಿ ಕೇಳಿ ಕಲಿಯುವವರು. ಅವರಿಗೆ ಬೇಕಾದಷ್ಟು ಕೇಳಿಸಲು ಒಂದು ಪಿರಿಯಡ್ ಎಲ್ಲಿ ಸಾಕಾಗುತ್ತದೆ?

ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಮೊದಲು 5ನೇ ತರಗತಿಯಿಂದ ಇತ್ತು. 2007-08ರಲ್ಲಿ 1ನೇ ತರಗತಿಗೇ ಬಂತು. ಇದಕ್ಕೆ ನನ್ನ ತಕರಾರಿಲ್ಲ, ಅದು ಹಾಡು, ಕಥೆ, ಆಟದಲ್ಲಿ ಇದ್ದರೆ. ಕಾಗುಣಿತವೇ ಇನ್ನೂ ಬಾರದ ಮಗುವಿಗೆ ಸ್ಪೆಲ್ಲಿಂಗ್ ಉರು ಹೊಡೆಸುವುದು ಸುಮ್ನೆ ತ್ರಾಸು. ಕನ್ನಡ ಸರಾಗವಾಗಿ ಓದಲಿ, ಆಮೇಲೆ ಇಂಗ್ಲಿಷ್ ಅಕ್ಷರ ಕೊಡೋಣ. ಮನೆಮಾತು ಲಂಬಾಣಿಯೋ ಮರಾಠಿಯೋ ಆಗಿದ್ದರೆ ಕನ್ನಡವೇ ಆ ಮಗುವಿಗೆ ಶಾಲೆಯಲ್ಲಿ ಸಿಗುವ ಹೊಸ ಭಾಷೆ. ಅವರಿಗೆ ಇನ್ನೂ ಸ್ವಲ್ಪ ಪುರಸೊತ್ತು ಬೇಕು.

ಫ್ರೆಂಚ್, ಜಪಾನಿಗೆ ಅವಸರವೇ ಇಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅವನ್ನು ಪ್ರೌಢಶಾಲೆಯ ಹಂತಕ್ಕೇ ಇಟ್ಟಿದೆ.

ಶಾಲೆ ನೋಡಲು ಹೋದಾಗ ಯಾವ ಕ್ಲಾಸಿನಿಂದ ಇಂಗ್ಲಿಷ್ ಅಂತ ಮಾತ್ರ ಕೇಳಬೇಡಿ. ಕಲಿಸುವವರು ಯಾರು, ಅವರು ಮಕ್ಕಳ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಾರೋ, ಬರೀ ಬೋರ್ಡಿನ ಮೇಲೆ ಬರೆಸುತ್ತಾರೋ, ಅದನ್ನೂ ಕೇಳಿ. ಒಪ್ಪಿದರೆ ಹತ್ತು ನಿಮಿಷ ಕ್ಲಾಸಿನ ಹೊರಗೆ ನಿಂತು ಕೇಳಿಸಿಕೊಂಡು ಬನ್ನಿ.

ನಮಸ್ಕಾರ.